ಒಂದು ಮೊಳ ಹಗ್ಗ

ಅವರು ಮುಂದಕ್ಕೆ ನಡೆಯುವಾಗ ಎಡಗಾಲು ಎಳೆಯುತ್ತಿದ್ದರು. ಹಿಂದಕ್ಕೆ ನಡೆಯುವಾಗ ಆ ಕುಂಟು ಕಾಣುತ್ತಲೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ, ತೂತು ಕೊರೆದ ತೆಂಗಿನ ಚಿಪ್ಪಿನಿಂದ ಸುಣ್ಣದ ಪುಡಿ ಉದುರಿಸುತ್ತಾ, ನೆಲಕ್ಕೆ ಬಿಗಿದ ಹಗ್ಗದ ಗುಂಟ ಹಿಂದಹಿಂದಕ್ಕೆ ಸರಿಯುತ್ತಿದ್ದರು. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಗೆರೆ ಮುಗಿಯುವ ಹೊತ್ತಿಗೆ ಹಿಮ್ಮಡಿಗಳೆರಡೂ ಬೆಳ್ಳಗಾಗಿರುತ್ತಿದ್ದವು. ಆ ಬಿಳುಪು ಸಂಜೆ ಅಂಗಡಿಯಲ್ಲಿ ಹೊಲಿಗೆ ಮಿಷನ್ ತುಳಿಯುವಾಗಲೂ ಇರುತ್ತಿತ್ತು.

ಊರಿಗೆಲ್ಲ ಅವರು ಟೈಲರ್ ಚಾಚಾ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಎಂಟಡಿ ಅಗಲದ ಜಾಗ, ಒಂದು ಮಿಷನ್, ಒಂದು ಕತ್ತರಿಸುವ ಮೇಜು, ಮೇಜಿನ ಕೆಳಗೆ ನಮ್ಮ ಬಾಲ್ ಬ್ಯಾಡ್ಮಿಂಟನ್ ತಂಡದ ತಗಡಿನ ಟ್ರಂಕು. ನೆಟ್ಟು, ಗೂಟ, ಹಗ್ಗ, ಹಳದಿ ಉಣ್ಣೆಯ ಚೆಂಡುಗಳು ಎಲ್ಲ ಅದರಲ್ಲೇ. ಟ್ರಂಕಿಗೆ ಬೀಗ ಇರಲಿಲ್ಲ. ಬೀಗ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗುತ್ತಿರಲಿಲ್ಲ.

ಅವರು ಅಂಗಿ ಹೊಲಿಯಲು ಅಳತೆ ತೆಗೆಯುತ್ತಿದ್ದದ್ದು ಶಾಸ್ತ್ರಕ್ಕೆ ಮಾತ್ರ. ಬಾಗಿಲಲ್ಲಿ ನಿಂತವನನ್ನು ಕನ್ನಡಕದ ಮೇಲಿಂದ ನೋಡಿಯೇ ಹೇಳಿಬಿಡುತ್ತಿದ್ದರು. "ನಿಂದು ಎದೆ ಮೂವತ್ತೆಂಟು. ಹೊಟ್ಟೆ ಮಾತ್ರ ಹೋದ ವರ್ಷದ್ದಲ್ಲ. ಮಂಡಿಯಲ್ಲಿ ಕೂತು ತಿಂತಾ ಇದ್ದೀಯಾ, ನಿಂತು ಕೆಲಸ ಮಾಡ್ತಾ ಇಲ್ಲ." ನಂತರ ಟೇಪು ಹಿಡಿದರೆ ಮೂವತ್ತೆಂಟೇ. ನಮ್ಮ ತಂಡದ ಮಾವಿನ ಹಳದಿ ಬನಿಯನ್ನುಗಳಿಗೆ ಹಸಿರು ಕಾಲರ್ ಇಟ್ಟವರು ಅವರು. ಕೋರ್ಟಿನ ಗೆರೆ ಎಳೆಯುವವರು, ಪಂದ್ಯದ ದಿನ ಹಿಂದಿನ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಚೆಂಡು ಒಳಗೋ ಹೊರಗೋ ಹೇಳುವವರೂ ಅವರೇ. ಅವರು ಕೈ ಎತ್ತಿದರೆ ಮುಗಿಯಿತು. ಕೋಲಾರದಿಂದ ಬಂದವರಾಗಲಿ ಮಾಲೂರಿನಿಂದ ಬಂದವರಾಗಲಿ, ಚಾಚಾ ಹೇಳಿದ ಮೇಲೆ ಎರಡನೇ ಮಾತಿರಲಿಲ್ಲ. ನಾವು ಕಪ್ಪು ಗೆದ್ದರೆ ಅದು ಮೊದಲು ಹೋಗುತ್ತಿದ್ದದ್ದು ಅವರ ಅಂಗಡಿಗೆ. ಮಿಷನ್ನಿನ ಮೇಲೆ ಇಟ್ಟರೆ ಅವರು ಹಳದಿ ಬಟ್ಟೆಯ ಒಂದು ಚೂರು ಕತ್ತರಿಸಿ ಕಪ್ಪಿನ ಹಿಡಿಗೆ ಕಟ್ಟುತ್ತಿದ್ದರು. ಆಮೇಲೇ ಊರ ಮೆರವಣಿಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಕಡೆಗೆ ಐದು ಜನ, ಕೈಯಲ್ಲಿ ಬ್ಯಾಟು, ಉಣ್ಣೆಯ ಹಗುರ ಚೆಂಡು. ಬಯಲಲ್ಲಿ ಆಡುವ ಆಟ, ಗಾಳಿಯೂ ಒಬ್ಬ ಆಟಗಾರ ಎಂದುಕೊಳ್ಳಿ. ಕೋರ್ಟು ಎಂಬತ್ತಡಿ ಉದ್ದ, ನಲವತ್ತಡಿ ಅಗಲ, ನಡುವೆ ನೆಟ್ಟು. ಅಂದರೆ ನಲವತ್ತಡಿಯ ಒಂದು ಹಗ್ಗ ಇದ್ದರೆ ಸಾಕು: ಅಗಲಕ್ಕೆ ಒಂದು ಸಲ, ನೆಟ್ಟಿನಿಂದ ಆ ಕಡೆಗೆ ಒಂದು ಸಲ, ಈ ಕಡೆಗೆ ಒಂದು ಸಲ. ಚಾಚಾ ತಂಡ ಶುರುವಾದಾಗ ದಪ್ಪ ನೂಲಿನ ಹಗ್ಗ ತಂದು, ತಮ್ಮ ಟೇಪಿನಲ್ಲಿ ಅಳೆದು, ಎರಡು ತುದಿಗೂ ಕುಣಿಕೆ ಮಡಚಿ ದಾರದಲ್ಲಿ ಹೊಲಿದಿದ್ದರು. ಅದೇ ಹಗ್ಗ ಎಷ್ಟೋ ವರ್ಷ ನಡೆಯಿತು.

ಈಗ ನನ್ನ ವಿಷಯ. ನಾನು ಮಂಡಿಯಲ್ಲಿ ಕ್ರೇಟು ಹೊತ್ತು ಮೇಲೆ ಬಂದವನು. ಇವತ್ತು ನನ್ನದೇ ಮಂಡಿ ಇದೆ. ವ್ಯಾಪಾರಕ್ಕೆ ಇಳಿಯುವ ಹುಡುಗರು ಬಂದು ಕೂತರೆ ನಾನು ಹೇಳುವುದು ಮೊದಲು ಒಂದೇ: ಇನ್ನೊಬ್ಬನ ತಕ್ಕಡಿಯನ್ನು ನಂಬಬೇಡ, ನಿನ್ನ ತಕ್ಕಡಿಯನ್ನಂತೂ ನಂಬಲೇಬೇಡ, ವಾರಕ್ಕೊಮ್ಮೆ ಕಲ್ಲಿಟ್ಟು ನೋಡು. ಅವರು ತಲೆ ಆಡಿಸುತ್ತಾರೆ. ಈ ಬುದ್ಧಿ ನನಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಿಲ್ಲ.

ಹದಿಮೂರು ವರ್ಷದ ಹಿಂದಿನ ಜೂನ್ ತಿಂಗಳು. ನನಗಾಗ ಇಪ್ಪತ್ತಾರು. ಮುಳಬಾಗಿಲಿಗೆ ಹೊರಟ ಮಾವಿನ ಟೆಂಪೋದ ಹಿಂಬಾಗಿಲ ಕೊಂಡಿ ಮುರಿದಿತ್ತು. ಕಟ್ಟಲು ಒಂದು ಮೊಳ ಹಗ್ಗ ಬೇಕು, ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ, ನನಗೆ ಕಾಯುವ ಅಭ್ಯಾಸವಿಲ್ಲ. ಚಾಚಾ ಅಂಗಡಿಗೆ ನುಗ್ಗಿದೆ. ಅವರು ಟೀ ಕುಡಿಯಲು ಎದುರಿಗೆ ಹೋಗಿದ್ದರು. ಟ್ರಂಕು ತೆರೆದು ಹಗ್ಗ ಎಳೆದೆ. ಕುಣಿಕೆಯ ಆಚೆ ಸ್ವಲ್ಪ ಬಾಲ ಬಿಟ್ಟಿದ್ದರು, ಅದೊಂದೇ ಸಾಲಲಿಲ್ಲ. ಹೊಲಿಗೆ ಬಿಚ್ಚಿ, ಒಂದು ಮೊಳ ಕತ್ತರಿಸಿ, ಉಳಿದ ತುದಿಯಲ್ಲಿ ಹೊಸ ಕುಣಿಕೆ ಬಿಗಿದೆ. ನಾವು ಕ್ರೇಟು ಕಟ್ಟುವಾಗ ಹಾಕುತ್ತೇವಲ್ಲ, ಎರಡು ಸುತ್ತು ತಿರುಗಿಸಿ ಬಾಲವನ್ನು ಒಳಕ್ಕೆ ತುರುಕುವ ಗಂಟು, ಅದನ್ನೇ ಹಾಕಿದೆ. ಎರಡು ನಿಮಿಷದ ಕೆಲಸ. ಟೆಂಪೋ ಹೋಯಿತು. ನಾನು ಮರೆತೆ.

ಕತ್ತರಿಸಿದ್ದು ಅವರ ಕತ್ತರಿಯಲ್ಲಿ. ಆ ಕತ್ತರಿಯನ್ನು ಅವರು ಹೆಂಡತಿ ಚಾಚಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮರುದಿನ ಬಟ್ಟೆಯ ಮೇಲೆ ಓಡಿಸಿ ನೋಡಿ ಕೇಳಿದರು, "ನನ್ನ ಕತ್ತರಿ ಯಾರಪ್ಪಾ ಮುಟ್ಟಿದ್ದು? ಹಲ್ಲು ಬಂದಿದೆ."

"ಗೊತ್ತಿಲ್ಲ ಚಾಚಾ," ಅಂದೆ. ಅಷ್ಟು ಸಲೀಸಾಗಿ ಬಂತು.

ಆಮೇಲಿನ ನಾಲ್ಕು ವರ್ಷ ನಮ್ಮ ಊರಿನ ಒಳ್ಳೆಯ ಕಾಲ. ಅದಕ್ಕೆ ಮೊದಲು ನಮ್ಮ ತಂಡ ಅಷ್ಟಕ್ಕಷ್ಟೆ. ಇದ್ದಕ್ಕಿದ್ದಂತೆ ನಮ್ಮೂರ ಪಂದ್ಯಾವಳಿಯಲ್ಲಿ ನಮ್ಮನ್ನು ಸೋಲಿಸುವವರೇ ಇಲ್ಲವಾದರು. ಪ್ರತಿ ವರ್ಷ ಮೇ ಮೊದಲ ವಾರ, ಮಂಡಿಗೆ ಮಾವು ಬರಲು ಶುರುವಾಗುವ ಹೊತ್ತಿಗೆ ನಮ್ಮ ಆಟ. ನಾನು ಹಿಂದೆ ನಿಂತು ಆಡುವವನು. ಹೊರಗಿನವರು ಉದ್ದಕ್ಕೆ ಹೊಡೆದ ಚೆಂಡು ತಲೆಯ ಮೇಲೆ ಬಂದರೆ ನಾನು ಬ್ಯಾಟು ಕೆಳಗಿಟ್ಟು ಕೂಗುತ್ತಿದ್ದೆ, "ವದಿಲೇಯ್ ರಾ!" ಬಿಟ್ಟುಬಿಡು ಎಂದು. ನಮ್ಮ ಕಡೆ ಆಟದ ಬಿಸಿಯಲ್ಲಿ ಬಾಯಿಗೆ ತೆಲುಗೇ ಬರುವುದು. ಐದು ಜನವೂ ಕಂಬದ ಹಾಗೆ ನಿಲ್ಲುತ್ತಿದ್ದೆವು. ಚೆಂಡು ಗೆರೆಯ ಆಚೆ ಗೇಣಂತರದಲ್ಲಿ ಬೀಳುತ್ತಿತ್ತು. ಚಾಚಾ ಕೈ ಎತ್ತುತ್ತಿದ್ದರು. ಜನ ಹುಚ್ಚೆದ್ದು ಕೂಗುತ್ತಿದ್ದರು. ಬರಬರುತ್ತಾ ಊರಿಗೆ ಊರೇ ನನ್ನ ಜೊತೆ "ವದಿಲೇಯ್!" ಎಂದು ಕೂಗತೊಡಗಿತು. ಹೊಡೆಯುವುದು ಯಾರಿಗೂ ಬರುತ್ತದೆ, ಬಿಡುವುದು ಶ್ರೀನಿವಾಸಪುರದವರಿಗೆ ಮಾತ್ರ ಬರುತ್ತದೆ ಎಂದು ನಾವೇ ಹೇಳಿಕೊಂಡು ತಿರುಗಿದೆವು. ಮಕ್ಕಳಿಗೂ ಅದನ್ನೇ ಕಲಿಸಿದೆವು.

ಬೇರೆ ಊರಿಗೆ ಹೋದರೆ ಮಾತ್ರ ಸೋಲು. ಮಾಲೂರಲ್ಲಿ ಸೋತೆವು, ಟೇಕಲ್‌ನಲ್ಲಿ ಸೋತೆವು. ನಾವು ಬಿಟ್ಟ ಚೆಂಡು ಅಲ್ಲೆಲ್ಲ ಗೆರೆಯ ಒಳಗೆ ಬೀಳುತ್ತಿತ್ತು. ವಾಪಸು ಬರುವಾಗ ವ್ಯಾನಿನಲ್ಲಿ ನಮಗೆ ಒಂದೇ ಮಾತು: ಅಂಪೈರು ಕಳ್ಳ, ಗೆರೆ ಕಾಯುವವನು ಕಳ್ಳ, ಆ ಊರೇ ಹಾಗೆ. ಎಲ್ಲರಿಗಿಂತ ದೊಡ್ಡ ಬಾಯಿ ನನ್ನದು. ಚಾಚಾ ಕಿಟಕಿಯ ಪಕ್ಕ ಕೂತು ಕೇಳಿಸಿಕೊಂಡು ಒಮ್ಮೆ ಅಂದರು, "ಎಲ್ಲಾ ಊರಲ್ಲೂ ಕಳ್ಳರು, ನಮ್ಮೂರಲ್ಲಿ ಮಾತ್ರ ಇಲ್ವಾ? ಅಂಗಿ ಎಲ್ಲರಿಗೂ ಬಿಗಿ ಆಯ್ತು ಅಂದ್ರೆ ತಪ್ಪು ಮೈಯಲ್ಲಲ್ಲ ಬೇಟಾ, ಕತ್ತರಿಯಲ್ಲಿ." ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಹೇಳಿದ ಅವರೂ ಅದರ ಹಿಂದೆ ಹೋಗಲಿಲ್ಲ.

ಮುಳಬಾಗಿಲಿನ ಫೈನಲ್ ಬಂದದ್ದು ಯುಗಾದಿ ಕಳೆದ ಮೇಲೆ, ಒಂಬತ್ತು ವರ್ಷದ ಹಿಂದೆ. ಹೊರ ಊರಿನ ಫೈನಲ್‌ಗೆ ನಾವು ಬಂದದ್ದು ಅದೇ ಮೊದಲು. ಎರಡು ಟ್ರ್ಯಾಕ್ಟರು, ಒಂದು ವ್ಯಾನು ತುಂಬ ನಮ್ಮ ಜನ. ಕೊನೆಯ ಆಟ, ಕೊನೆಯ ಪಾಯಿಂಟುಗಳು, ಸಮಸಮ. ಅವರ ಹುಡುಗ ಎತ್ತಿ ಹೊಡೆದ. ಚೆಂಡು ಗಾಳಿಯಲ್ಲಿ ತೇಲಿಕೊಂಡು ನನ್ನ ಕಡೆ ಬಂತು. ನನಗೆ ಅನುಮಾನವೇ ಇರಲಿಲ್ಲ.

"ವದಿಲೇಯ್!"

ನಮ್ಮವರೆಲ್ಲ ಕೂಗಿದರು. ಚೆಂಡು ಗೆರೆಯಿಂದ ಅರ್ಧ ಅಡಿ ಒಳಗೆ ಬಿತ್ತು.

ಅವರ ಲೈನ್‌ಮನ್ ಕೈ ಕೆಳಗೆ ಮಾಡಿ ತೋರಿಸಿದ, ಒಳಗೆ. ನಾನು ಓಡಿಹೋಗಿ ಅವನ ಕಾಲರ್ ಹಿಡಿದೆ. ಕಾಲರ್ ಅರ್ಧ ಕಿತ್ತು ನನ್ನ ಕೈಗೆ ಬಂತು. ನಮ್ಮ ಜನ ಕೋರ್ಟಿಗೆ ನುಗ್ಗಿದರು, ಅವರ ಜನವೂ ನುಗ್ಗಿದರು. ಇಷ್ಟು ವರ್ಷ ನಾವು ಹೇಳಿದ್ದೆಲ್ಲ ನಿಜವೆಂದು ತೋರಿಸುವ ಗಳಿಗೆ ಅದು ಎಂದು ನನಗೆ ಅನ್ನಿಸಿತು.

"ಕೋರ್ಟೇ ಉದ್ದ ಎಳೆದಿದ್ದೀರಾ!" ನಾನು ಕೂಗಿದೆ. "ಚಾಚಾ, ನಮ್ಮ ಹಗ್ಗ ತನ್ನಿ! ಹಾಕಿ ತೋರಿಸಿ ಇವರಿಗೆ!"

ಚಾಚಾ ಎಲ್ಲಿ ಹೋದರೂ ಆ ಹಗ್ಗ ಚೀಲದಲ್ಲಿ ತರುತ್ತಿದ್ದರು. ಸುರುಳಿ ಬಿಚ್ಚಿಕೊಂಡು, ಕಾಲೆಳೆಯುತ್ತಾ ಬಂದರು. ಒಂದು ತುದಿ ನೆಟ್ಟಿನ ಕೆಳಗೆ ನಾನು ಹಿಡಿದೆ. ಇನ್ನೊಂದನ್ನು ಅವರು ಹಿಂದಿನ ಗೆರೆಯತ್ತ ಎಳೆದರು. ಗೆರೆ ಒಂದಡಿ ಆಚೆ ಉಳಿಯಿತು.

ನಮ್ಮವರ ಕೂಗು ಕೇಳಬೇಕಿತ್ತು. "ಮೋಸ! ಮೋಸ!" ನಮ್ಮ ಸೆಂಟರ್ ಆಟಗಾರ, ನನ್ನ ಬಾಲ್ಯದ ಗೆಳೆಯ, ಕುಣಿಯುತ್ತಿದ್ದ.

ಅಷ್ಟರಲ್ಲಿ ನೋಡಲು ಬಂದಿದ್ದ ಒಬ್ಬ ಗಾರೆ ಮೇಸ್ತ್ರಿ ಜೇಬಿನಿಂದ ಸ್ಟೀಲ್ ಟೇಪು ತೆಗೆದ. "ಜಗಳ ಯಾಕ್ರಪ್ಪಾ, ಅಳೀರಿ," ಅಂದ. ಅವರ ಕೋರ್ಟು ಅಳೆದರು. ನಲವತ್ತು. ಇನ್ನೊಮ್ಮೆ ಅಳೆದರು. ನಲವತ್ತೇ. ಆಮೇಲೆ ಮೇಸ್ತ್ರಿ ಸುಮ್ಮನೆ, ಯಾರೂ ಕೇಳದೆ, ನಮ್ಮ ಹಗ್ಗದ ಪಕ್ಕ ಟೇಪು ಹಾಸಿದ.

ಮೂವತ್ತೊಂಬತ್ತು.

ಆಗ ನನಗೆ ಟೆಂಪೋ ನೆನಪಾಯಿತು. ಹಾರ್ನ್ ಕೇಳಿಸಿದ ಹಾಗೇ ಆಯಿತು. ಒಂದು ಕ್ಷಣದಲ್ಲಿ ಎಲ್ಲ ಅರ್ಥವಾಯಿತು: ಅಗಲವೂ ಅದೇ ಹಗ್ಗದಲ್ಲಿ, ಉದ್ದವೂ ಅದೇ ಹಗ್ಗದಲ್ಲಿ, ಹಾಗಾಗಿ ಕೋರ್ಟು ಎಲ್ಲ ಕಡೆ ಸಮವಾಗಿ ಕುಗ್ಗಿ ಯಾರ ಕಣ್ಣಿಗೂ ಬಿದ್ದಿಲ್ಲ. ನಮ್ಮೂರ ಹೆಮ್ಮೆಯೆಲ್ಲ ಆ ಒಂದಡಿಯಲ್ಲಿ ನಿಂತಿತ್ತು. ಹೊರಗಿನವರು ಸರಿಯಾದ ಅಳತೆಗೆ ಹೊಡೆಯುತ್ತಿದ್ದರು. ನಾವು ನಾಲ್ಕು ವರ್ಷ ತಪ್ಪು ಅಳತೆಗೆ ಬಿಡುವುದನ್ನು ಕಲಿತಿದ್ದೆವು.

ಚಾಚಾ ಹಗ್ಗದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದರು. ಸುಣ್ಣ ಮೆತ್ತಿಕೊಂಡಿದ್ದ ಗಂಟನ್ನು ಹೆಬ್ಬೆರಳಿನಿಂದ ಉಜ್ಜಿದರು. ಗಂಟು ಕಂಡಿತು. ತಲೆ ಎತ್ತಿ ನನ್ನನ್ನು ನೋಡಿದರು. ಅಂಗಿಯ ಅಳತೆ ತೆಗೆಯುವಾಗ ನೋಡುತ್ತಿದ್ದ ಹಾಗೆಯೇ, ಕನ್ನಡಕದ ಮೇಲಿಂದ.

"ನೂಲಿನ ಹಗ್ಗ," ಅಂದರು ಎಲ್ಲರಿಗೂ ಕೇಳುವಂತೆ. "ಸುಣ್ಣ ತಿಂದಿದೆ, ಮಳೆ ಕುಡಿದಿದೆ. ಕುಗ್ಗಿದೆ. ಹಗ್ಗ ನಂದು, ತಪ್ಪೂ ನಂದು. ಇವರ ಗೆರೆ ಸರಿ ಇದೆ. ಪಾಯಿಂಟ್ ಇವರದು. ನಮ್ಮ ಹುಡುಗರು ಆಡ್ತಾರೆ."

ಆಡಿದೆವು, ಸೋತೆವು. ಆ ಹೊತ್ತಿನಲ್ಲಿ ಅವರು ಆ ಲೈನ್‌ಮನ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಟೋಪಿಯ ಅಂಚಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದು, ಕಿತ್ತ ಕಾಲರ್ ಹೊಲಿಯುತ್ತಿದ್ದರು. ಅವನು ಅಂಗಿ ಬಿಚ್ಚುತ್ತೇನೆಂದರೆ ಬೇಡವೆಂದರು. "ಅಲ್ಲಾಡಬೇಡ, ಅಷ್ಟೇ."

ನಾನು ಬಾಯಿ ಬಿಡಲಿಲ್ಲ. ಅಲ್ಲಿ ಬಿಟ್ಟಿದ್ದರೆ ಒದೆ ಬೀಳುತ್ತಿತ್ತು ಎನ್ನುವುದು ನಿಜ. ಆದರೆ ಊರಿಗೆ ಬಂದ ಮೇಲೂ ಬಿಡಲಿಲ್ಲ.

ಸ್ಟೀಲ್ ಟೇಪು, ಹಗ್ಗ, ಚಾಚಾ ಮುಖ ಎಲ್ಲವನ್ನೂ ಯಾರೋ ಫೋನಿನಲ್ಲಿ ಹಿಡಿದಿದ್ದರು. ನಾವು ಮನೆ ಸೇರುವ ಮೊದಲೇ ಅದು ಎಲ್ಲರ ಫೋನಿಗೂ ಬಂದಿತ್ತು. ಅಂದಿನಿಂದ ನಮ್ಮ ತಂಡದ ಹೆಸರೇ ಮೂವತ್ತೊಂಬತ್ತು. ಮಾಲೂರು ಬಸ್ ಸ್ಟ್ಯಾಂಡಿನಲ್ಲಿ ಹಳದಿ ಬನಿಯನ್ನು ಕಂಡರೆ, "ಏನ್ಲಾ ಮೂವತ್ತೊಂಬತ್ತು, ಚೆನ್ನಾಗಿದ್ದೀಯಾ?" ಗೆದ್ದ ಕಪ್ಪುಗಳೆಲ್ಲ ಗಿಡ್ಡ ಕೋರ್ಟಿನ ಕಪ್ಪುಗಳಾದವು. ಮೇ ತಿಂಗಳಲ್ಲಿ ನಮ್ಮೂರ ಪಂದ್ಯಕ್ಕೆ ಬೇರೆಯವರು ಸ್ಟೀಲ್ ಟೇಪು ಹಿಡಿದು ಗೆರೆ ಎಳೆದರು. ಬಂದ ತಂಡಗಳು ಮೊದಲು ತಾವೇ ಅಳೆದು ನೋಡಿ, ನಕ್ಕು, ಆಮೇಲೆ ಆಡಿದವು. ಮುಂದಿನ ವರ್ಷ ಯಾರಿಗೂ ನಡೆಸುವ ಮನಸ್ಸಾಗಲಿಲ್ಲ. ಪಂದ್ಯಾವಳಿ ನಿಂತುಹೋಯಿತು.

ಊರು ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಲೇಬೇಕಲ್ಲ. ಟೀ ಅಂಗಡಿಯಲ್ಲಿ ಮೊದಲು ಅಂದವನು ನನ್ನ ಗೆಳೆಯ, ಅದೇ ಸೆಂಟರ್. "ಎದೆ ಮೂವತ್ತೆಂಟು ಅಂತ ರೋಡಿನಿಂದಲೇ ಹೇಳೋ ಯಪ್ಪನಿಗೆ ಒಂದಡಿ ಕಾಣ್ಲಿಲ್ವಂತೆ! ಹಗ್ಗ ಅಳೆಯೋಕೆ ಬರ್ದೇ ಇರೋನು ಪ್ಯಾಂಟ್ ಏನ್ ಅಳೀತಾನೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ, ಆದರೂ ಬರೆದಿದ್ದೇನೆ. ನಾನೂ ನಕ್ಕೆ.

ಆ ಮಾತು ಊರಲ್ಲಿ ಅಂಟಿಕೊಂಡುಬಿಟ್ಟಿತು. ಮದುವೆಗೆ ಸೂಟು ಹೊಲಿಸುವವರು ಕೋಲಾರಕ್ಕೆ ಹೋಗತೊಡಗಿದರು. ಚಾಚಾ ಅಂಗಡಿಗೆ ಹರಿದ ಜೇಬು, ಸಡಿಲ ಗುಂಡಿ, ಸೀರೆಗೆ ಫಾಲ್ ಇಂಥವು ಮಾತ್ರ ಬಂದವು. ಎದುರಿಗೆ ನಿಂತು ಆರೋಪ ಮಾಡಲು ಯಾರೂ ಬರಲಿಲ್ಲ, ಅಳತೆ ಕೊಡಲೂ ಬರಲಿಲ್ಲ.

ಮುಳಬಾಗಿಲಿನಿಂದ ಬಂದ ವರ್ಷವೇ, ಮಾವಿನ ಸೀಸನ್ನಿನಲ್ಲಿ, ಒಂದು ಬೆಳಿಗ್ಗೆ ತಡೆಯಲಾರದೆ ಅಂಗಡಿಗೆ ಹೋದೆ. ಅವರು ಮಿಷನ್ ತುಳಿಯುತ್ತಲೇ ಇದ್ದರು.

"ಚಾಚಾ, ಆ ಹಗ್ಗ..."

"ಗಂಟು ನೋಡಿದೀನಿ ಬೇಟಾ. ಅದು ಮಂಡಿ ಗಂಟು. ನಂದಲ್ಲ."

"ಗೊತ್ತಿದ್ದೂ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ಅಲ್ಲಿ ನಿನ್ನ ಹೆಸರು ಹೇಳಿದ್ರೆ ಮೊದಲು ಹೊಡೀತಿದ್ದೋರು ನಮ್ಮೋರೇ. ಬೇರೆ ಊರಲ್ಲಿ ನಿಂತ್ಕೊಂಡು ನಮ್ಮೋರು ನಮ್ಮೋರನ್ನ ಹೊಡಿಯೋದು ನಂಗೆ ನೋಡೋಕಾಗಲ್ಲ." ಬಟ್ಟೆ ತಿರುಗಿಸಿದರು. "ಅದೂ ಅಲ್ದೆ, ಅರ್ಧ ನಂದೇ. ಗಂಟು ಬದಲಾಗಿರೋದು ನಾಲ್ಕು ವರ್ಷದ ಹಿಂದೇನೇ ಕಂಡಿತ್ತು. ಕುಣಿಕೆ ಕಿತ್ತೋಗಿದೆ, ನೀನು ಕಟ್ಟಿದೀಯಾ ಅಂದ್ಕೊಂಡೆ. ಮತ್ತೆ ಅಳೀಲಿಲ್ಲ. ಗೆಲ್ತಾ ಇದ್ವಲ್ಲ, ಯಾರು ಅಳೀತಾರೆ?"

"ಉಳಿದ ಅರ್ಧ ನಂದು ಚಾಚಾ."

"ಅದನ್ನ ನಂಗೆ ಯಾಕೆ ಹೇಳ್ತೀಯಾ? ನಂಗೆ ಗೊತ್ತು. ಕೋರ್ಟಲ್ಲಿ ನಿಂತು ಹೇಳು."

ನಾನು ವ್ಯಾಪಾರಿ, ಆ ಹೊತ್ತಿಗೆ ಸ್ವಂತ ಮಂಡಿ ಇಟ್ಟಿದ್ದೆ. ಕೊಡಬೇಕಾದದ್ದು ಎದುರಿಗೆ ಬಂದರೆ ಮೊದಲು ಗಡುವು ಕೇಳುವುದು ನನ್ನ ಜಾಯಮಾನ. "ಈ ಸೀಸನ್ ಒಂದು ಮುಗೀಲಿ ಚಾಚಾ. ಈಗ ಹೇಳಿದ್ರೆ ರೈತರು ನನ್ನ ಮಂಡಿಗೆ ಹಣ್ಣು ಹಾಕಲ್ಲ. ಅಳತೆಲಿ ಮೋಸ ಮಾಡಿದೋನು ಅಂತಾರೆ."

ಅಳತೆ ತಪ್ಪಿದ ಹೆಸರನ್ನು ಜನ ಅವರ ಮೇಲೆ ಆಗಲೇ ಹೊರಿಸಿದ್ದರು. ನನಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಬಾಯಿ ನಿಲ್ಲಲಿಲ್ಲ.

ಅವರು ಮಿಷನ್ ನಿಲ್ಲಿಸಿ ದಾರ ಕಚ್ಚಿ ತುಂಡು ಮಾಡಿದರು. "ಮುಗೀಲಿ," ಅಂದರು.

ಆಗಸ್ಟಿನಲ್ಲಿ ಕೊನೆಯ ಲೋಡು ಹೋದ ಮೇಲೆ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗಿನಿಂದ ಕೇಳಿದರು, "ಸೀಸನ್ ಮುಗೀತಾ, ಬೇಟಾ?"

"ಲೆಕ್ಕ ಇನ್ನೂ ಇದೆ ಚಾಚಾ."

ಅದರ ಮುಂದಿನ ವರ್ಷವೂ ಕೇಳಿದರು. ಅದರ ಮುಂದಿನ ವರ್ಷವೂ. ವರ್ಷಕ್ಕೆ ಒಂದೇ ಸಲ, ಆ ಮೂರು ಪದ ಮಾತ್ರ. ಧ್ವನಿಯಲ್ಲಿ ಚುಚ್ಚು ಇರಲಿಲ್ಲ, ಅದೇ ನನ್ನನ್ನು ಕೊಂದದ್ದು. ನಾನು ಆ ದಾರಿ ಬಿಟ್ಟು ಸುತ್ತಿ ಮಂಡಿಗೆ ಹೋಗತೊಡಗಿದೆ. ನಡುವೆ ಒಂದು ಉಪಾಯ ಮಾಡಿದೆ: ನನ್ನ ಮಂಡಿಯ ಹಮಾಲರಿಗೆಲ್ಲ ಖಾಕಿ ಅಂಗಿ ಹೊಲಿಯುವ ಕೆಲಸವನ್ನು ಅವರಿಗೇ ಕೊಟ್ಟೆ. ಹೊಲಿದರು. ಒಬ್ಬೊಬ್ಬರನ್ನೂ ನಿಲ್ಲಿಸಿ, ಈ ಸಲ ಟೇಪು ಹಿಡಿದೇ ಅಳತೆ ತೆಗೆದು, ಒಂದೂ ತಪ್ಪಿಲ್ಲದೆ ಹೊಲಿದರು. ಕೊಡುವಾಗ ಅಂದರು, "ಇದು ಅಂಗಿ. ಅದು ಬೇರೆ."

ಬುದ್ಧಿ ಹೇಳುವ ಚಟ ನನಗೆ, ಹೇಳಿಬಿಡುತ್ತೇನೆ. ಒಂದು ಕಡೆ ಕೊಡಬೇಕಾದದ್ದನ್ನು ಇನ್ನೊಂದು ಕಡೆ ಕೊಟ್ಟು ಸರಿದೂಗಿಸುವ ವ್ಯವಹಾರ ಮಂಡಿಯಲ್ಲಿ ನಡೆಯುತ್ತದೆ. ಮನುಷ್ಯರ ಹತ್ತಿರ ಪ್ರಯತ್ನಿಸಬೇಡಿ. ಅವರು ತೆಗೆದುಕೊಂಡರೂ ನಿಮ್ಮ ಬಾಕಿ ಹಾಗೇ ಇರುತ್ತದೆ.

ಹೋದ ವರ್ಷ ಜೂನ್‌ನಲ್ಲಿ, ಸೀಸನ್ ಏರುಹೊತ್ತಿನಲ್ಲಿ, ಹರಾಜು ಕೂಗುತ್ತಿದ್ದಾಗ ಫೋನ್ ಬಂತು. ಚಾಚಾಗೆ ಎರಡು ದಿನ ಜ್ವರ, ಬೆಳಿಗ್ಗೆ ಹೋಗಿಬಿಟ್ಟರು ಎಂದರು. ನಾನು ಕೈಯಲ್ಲಿದ್ದ ಲಾಟ್ ಮುಗಿಸಿ ಹೊರಟೆ. ಎಷ್ಟು ಹೊತ್ತು ಹಿಡಿಯಿತು, ಹತ್ತು ನಿಮಿಷ. ಆ ಹತ್ತು ನಿಮಿಷ ಇವತ್ತಿಗೂ ನನ್ನನ್ನು ಒಂದು ಕಡೆ ಕೂರಲು ಬಿಡುವುದಿಲ್ಲ. ಹೆಗಲು ಕೊಟ್ಟೆ, ಮಣ್ಣು ಹಾಕಿದೆ. ಆಗಸ್ಟ್ ಬಂತು. ಕೊನೆಯ ಲೋಡು ಹೋಯಿತು. ನಾನಾಗಿಯೇ ಅಂಗಡಿಯ ಮುಂದೆ ಹೋಗಿ ನಿಂತೆ. ಷಟರ್ ಎಳೆದಿತ್ತು. ಕೇಳುವವರಿರಲಿಲ್ಲ.

ಈ ವರ್ಷ ಹೊಸ ಹುಡುಗರು ಪಂದ್ಯಾವಳಿ ಮತ್ತೆ ನಡೆಸುತ್ತೇವೆಂದು ಬಂದರು. ಉದ್ಘಾಟನೆಗೆ ನನ್ನನ್ನೇ ಕರೆದರು, ಕಪ್ಪು ಕೊಡಿಸುತ್ತೇನಲ್ಲ. ಅದೇ ವಾರ ಚಾಚಿ ಹೇಳಿ ಕಳಿಸಿದರು. ಅಂಗಡಿಯ ಷಟರ್ ಅರ್ಧ ಎತ್ತಿ ಟ್ರಂಕಿನ ಪಕ್ಕ ಕೂತಿದ್ದರು.

"ಇದು ನಿಮ್ಮ ತಂಡದ್ದು, ತಗೊಂಡು ಹೋಗು," ಎಂದು ಹಗ್ಗದ ಸುರುಳಿ ಕೈಗಿಟ್ಟರು.

ಬಿಚ್ಚಿ ನೋಡಿದೆ. ನನ್ನ ಗಂಟು ಇರಲಿಲ್ಲ. ಆ ತುದಿಗೆ ಹೊಸ ನೂಲಿನ ಹಗ್ಗದ ತುಂಡೊಂದನ್ನು ಎಳೆಗೆ ಎಳೆ ಹೆಣೆದು ಸೇರಿಸಿ, ಮೇಲೆ ಹಳದಿ ಹಸಿರು ದಾರದಲ್ಲಿ, ನಮ್ಮ ಬನಿಯನ್ನಿನ ದಾರದಲ್ಲಿ, ಒತ್ತೊತ್ತಾಗಿ ಹೊಲಿದಿದ್ದರು. ಕುಣಿಕೆಯನ್ನೂ ಮೊದಲಿನ ಹಾಗೆ ಮಡಚಿ ಹೊಲಿದಿದ್ದರು. ಮನೆಗೆ ತಂದು ಸ್ಟೀಲ್ ಟೇಪು ಹಾಸಿದೆ. ನಲವತ್ತು. ಯಾರೂ ಬಳಸದ ಹಗ್ಗ, ಯಾವ ವರ್ಷ ಸರಿಮಾಡಿದರೋ ತಿಳಿಯದು. ಯಾರೂ ಕೇಳಿರಲಿಲ್ಲ.

ಪಂದ್ಯದ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಹೋದೆ. ಆ ಹಗ್ಗ ಬಿಗಿದು, ಚಿಪ್ಪಿನಲ್ಲಿ ಸುಣ್ಣ ತುಂಬಿ, ಹಿಂದಕ್ಕೆ ನಡೆಯುತ್ತಾ ನಾನೇ ಗೆರೆ ಎಳೆದೆ. ಡೊಂಕಾಯಿತು. ಅಳಿಸಿ ಮತ್ತೆ ಎಳೆದೆ. ಬಂದ ತಂಡಗಳು ಟೇಪು ಹಾಕಿ ನೋಡಿದವು, ಸರಿ ಇತ್ತು. ಆಮೇಲೆ ಮೈಕು ಕೊಟ್ಟರು. ನನಗೆ ಭಾಷಣ ಹೊಸದಲ್ಲ, ಅವತ್ತು ಪೀಠಿಕೆ ಹಾಕದೆ ಹೇಳಿದೆ.

"ಮೂವತ್ತೊಂಬತ್ತು ಅಂತ ನಮ್ಮನ್ನ ಕರೀತೀರಲ್ಲ, ಆ ಹಗ್ಗ ಕುಗ್ಗಿದ್ದಲ್ಲ. ನಾನು ಕತ್ತರಿಸಿದ್ದು. ಟೆಂಪೋ ಬಾಗಿಲು ಕಟ್ಟೋಕೆ. ಚಾಚಾಗೆ ಗೊತ್ತಿತ್ತು, ನನ್ನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಹೇಳ್ಲಿಲ್ಲ. ಇಷ್ಟೇ."

ಹುಡುಗರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಿಂದ ನನ್ನ ಗೆಳೆಯ ಎದ್ದು ಹತ್ತಿರ ಬಂದ. ಮುಖ ಕೆಂಪಾಗಿತ್ತು.

"ಟೀ ಅಂಗಡೀಲಿ ನಾನು ಅವತ್ತು ಅಂದಾಗ ನೀನು ಪಕ್ಕದಲ್ಲೇ ಕೂತಿದ್ದೆ ಕಣೋ."

"ಹೂಂ."

"ನೀನೂ ನಕ್ಕೆ."

"ಹೂಂ ಕಣೋ."

"ನಾನು ಅಂದಿದ್ದನ್ನ ಈಗ ಯಾರ ಹತ್ರ ಹೋಗಿ ವಾಪಸ್ ತಗೊಳ್ಳಲೋ?" ಎಂದ. ಉತ್ತರಕ್ಕೆ ಕಾಯದೆ ಹೋದ. ಇವತ್ತಿನವರೆಗೆ ಮಾತಾಡಿಸಿಲ್ಲ. ಮಂಡಿಗೆ ಬರುವ ರೈತರಲ್ಲಿ ಮೂವರು ಈ ಸಲ ಹಣ್ಣನ್ನು ಬೇರೆ ಕಡೆ ಹಾಕಿದ್ದಾರೆ. ನ್ಯಾಯವಾಗಿಯೇ ಇದೆ.

ಸಂಜೆ ಕಪ್ಪು ಗೆದ್ದವರು ಮುಳಬಾಗಿಲಿನವರು. ನಮ್ಮ ಹುಡುಗರು ಚೆನ್ನಾಗಿಯೇ ಆಡಿದರು, ಬಂದ ಚೆಂಡನ್ನೆಲ್ಲ ಹೊಡೆದರು. ನಾನು ಕಪ್ಪು ಕೊಟ್ಟು ಇಳಿಯುವಾಗ ಅವರ ಕಡೆಯ ಒಬ್ಬ ನಡುವಯಸ್ಸಿನವನು ಎದುರಿಗೆ ನಿಂತ. ಗುರುತು ಹತ್ತಲಿಲ್ಲ. ಅವನು ತನ್ನ ಕಾಲರ್ ಮುಟ್ಟಿಕೊಂಡ.

"ಅವತ್ತು ಹಿಡ್ಕೊಂಡಿದ್ದೆಯಲ್ಲ."

"ತಪ್ಪಾಯ್ತಣ್ಣ."

"ನಿನ್ನ ತಪ್ಪಿರಲಿ. ಆ ಅಂಗಿ ಸವೆದು ಹರಿದೋಯ್ತು, ಕಾಲರ್ ಹೊಲಿಗೆ ಮಾತ್ರ ಬಿಡ್ಲಿಲ್ಲ. ಅವರ ಅಂಗಡಿ ಎಲ್ಲಿ?"

ತೋರಿಸಲು ಮುಂದೆ ನಡೆದೆ. ಹಿಂದೆ ಅವರ ಐದು ಜನ, ಕಪ್ಪು ಹಿಡಿದುಕೊಂಡು, ಡೋಲಿಲ್ಲದೆ, ಕೂಗಿಲ್ಲದೆ. ಚಾಚಿ ಷಟರ್ ಎತ್ತಿದರು. ಆ ಮನುಷ್ಯ ಕಪ್ಪನ್ನು ಮಿಷನ್ನಿನ ಮೇಲಿಟ್ಟು ಕೈಮುಗಿದ. ಬೆಳಗಿನ ಮೈಕಿನ ಮಾತು ಚಾಚಿಯ ಮನೆಯವರೆಗೂ ಕೇಳಿಸಿರಬೇಕು. ಮೇಜಿನ ಖಾನೆಯಿಂದ ಹಳದಿ ಬಟ್ಟೆಯ ಚೂರೊಂದನ್ನು ಹುಡುಕಿ ತೆಗೆದು ಕಪ್ಪಿನ ಹಿಡಿಗೆ ಕಟ್ಟಿದರು. ಕಟ್ಟುತ್ತಲೇ, ನನ್ನ ಕಡೆ ತಿರುಗದೆ ಕೇಳಿದರು.

"ಸೀಸನ್ ಮುಗೀತಾ, ಬೇಟಾ?"

ಹೊರಗೆ ಮಂಡಿಯ ದಾರಿಯಲ್ಲಿ ವರ್ಷದ ಮೊದಲ ಲಾರಿಗಳು ಬಂದು ಸಾಲು ನಿಲ್ಲುತ್ತಿದ್ದವು. ನನ್ನ ಹಮಾಲರು ಹೆಸರು ಹಿಡಿದು ನನ್ನನ್ನು ಕೂಗುತ್ತಿದ್ದರು.

"ಮುಗೀತು ಚಾಚಿ," ಅಂದೆ.